ಬೋರ್ಡಿನ ಕನ್ನಡ ಬೇಕು, ಕಿವಿಗೆ ಕೇಳುವ ಕನ್ನಡ ಬೇಡವಾ?



ಬಸ್ಸಿನ ಬೋರ್ಡಿನಲ್ಲಿ ಕನ್ನಡ ಅಳಿಸಿದರೆ ನಾವು ಬೀದಿಗೆ ಇಳೀತೇವೆ. ಪಂಚಾಯಿತಿ ನೋಟಿಸು ಬೇರೆ ಭಾಷೆಯಲ್ಲಿ ಬಂದರೆ ಫೋಟೋ ಹೊಡೆದು ಹಾಕ್ತೇವೆ. ಕನ್ನಡ ಶಾಲೆಗೆ ಕನ್ನಡ ಬಾರದ ಮೇಷ್ಟ್ರನ್ನು ಕಳಿಸಿದರೆ ಮಕ್ಕಳ ಜೊತೆ ಗೇಟಿನ ಮುಂದೆ ಕೂರ್ತೇವೆ. ಇದೆಲ್ಲ ಆಗಲೇಬೇಕು, ಎರಡು ಮಾತಿಲ್ಲ. ಆ ಬೇಡಿಕೆಗಳ ಪಟ್ಟಿಗೆ ಇವತ್ತು ಇನ್ನೊಂದನ್ನು ಸೇರಿಸಬೇಕು ಅಂತಲೇ ಈ ಉದ್ದದ ಪೋಸ್ಟು. ಆ ಬೋರ್ಡನ್ನು, ಆ ನೋಟಿಸನ್ನು, ಆ ಪಾಠಪುಸ್ತಕವನ್ನು ಕಣ್ಣಿನಿಂದ ಓದಲಾಗದ ಕನ್ನಡಿಗರೂ ನಮ್ಮ ಊರುಗಳಲ್ಲಿ ಇದ್ದಾರೆ. ಅವರ ಕಂಪ್ಯೂಟರು, ಮೊಬೈಲು ಕನ್ನಡದಲ್ಲಿ ಮಾತಾಡಬೇಕು. ಅದನ್ನು ಬಳಸೋದನ್ನು ಕನ್ನಡದಲ್ಲೇ ಕಲಿಸಬೇಕು. ಇದು ಭಾಷಾ ಹಕ್ಕಿನ ಬೇಡಿಕೆ. ಬೋರ್ಡಿನಷ್ಟೇ ದೊಡ್ಡ ಬೇಡಿಕೆ.

ಮಂಜೇಶ್ವರದಲ್ಲೋ ಜತ್ತದಲ್ಲೋ ತಾಳವಾಡಿಯಲ್ಲೋ ಕನ್ನಡ ಮಾಧ್ಯಮದಲ್ಲಿ ಓದುವ, ಕಣ್ಣು ಕಾಣದ ಒಬ್ಬ ಹುಡುಗಿ ಇದ್ದಾಳೆ ಅಂದುಕೊಳ್ಳಿ. ಹತ್ತನೇ ಕ್ಲಾಸು ಮುಗೀತು, ಕಂಪ್ಯೂಟರ್ ಕಲೀಬೇಕು ಅಂತಾಳೆ. ಎಲ್ಲಿಗೆ ಹೋಗಬೇಕು? ಸರ್ಕಾರದ ತರಬೇತಿ ಸಿಕ್ಕರೂ ಅದು ಆ ರಾಜ್ಯದ ಭಾಷೆಯಲ್ಲಿ. ಕೇರಳದಲ್ಲಿ ಮಲಯಾಳ, ಮಹಾರಾಷ್ಟ್ರದಲ್ಲಿ ಮರಾಠಿ, ತಮಿಳುನಾಡಿನಲ್ಲಿ ತಮಿಳು, ಆದೋನಿ ಕಡೆ ತೆಲುಗು. ಹೋಗಲಿ, ಮನೆಯಲ್ಲೇ ಕೂತು ಆನ್‌ಲೈನಿನಲ್ಲಿ ಕಲಿಯೋಣ ಅಂದರೆ ಇಂಗ್ಲಿಷಿನಲ್ಲಿ ರಾಶಿ ರಾಶಿ ಪಾಠ, ಹಿಂದಿಯಲ್ಲೂ ಬೇಕಾದಷ್ಟು, ಕನ್ನಡದಲ್ಲಿ ಅಲ್ಲೊಂದು ಇಲ್ಲೊಂದು. ಅಂದರೆ ಕಂಪ್ಯೂಟರ್ ಕಲಿಯೋಕೆ ಮೊದಲು ಇನ್ನೊಂದು ಭಾಷೆ ಕಲಿ ಅಂತ ಆ ಹುಡುಗಿಗೆ ಹೇಳಿದ ಹಾಗಾಯ್ತು. ಕಣ್ಣಿರುವ ಯಾರಿಗಾದರೂ ಹೀಗೆ ಹೇಳಿದ್ದರೆ ನಾವು ಸುಮ್ಮನೆ ಇರ್ತಿದ್ವಾ?

ಇನ್ನೊಂದು ವಿಷಯ ಗಮನಿಸಿ. ಬೇರೆ ಭಾಷೆಯ ಶಾಲೆಗೆ ಹೋಗುವ ಕಣ್ಣಿರುವ ಹುಡುಗನಿಗೆ ಕನ್ನಡ ಪೂರ್ತಿ ತಪ್ಪಿಹೋಗೋದಿಲ್ಲ. ಗೋಡೆಯ ಮೇಲೆ ಕನ್ನಡ ಕ್ಯಾಲೆಂಡರ್ ಇದೆ, ಜಾತ್ರೆಯ ಕರಪತ್ರ ಇದೆ, ಮದುವೆಯ ಕಾಗದ ಇದೆ, ಅಜ್ಜ ಓದುವ ಪೇಪರು ಇದೆ. ಯಾರೂ ಕಲಿಸದಿದ್ದರೂ ಅಕ್ಷರ ಕಣ್ಣಿಗೆ ಬೀಳುತ್ತದೆ, ನಾಲ್ಕು ಅಕ್ಷರ ಕೂಡಿಸಿ ಓದಿಬಿಡುತ್ತಾನೆ. ಕಣ್ಣು ಕಾಣದ ಮಗುವಿಗೆ ಈ ದಾರಿ ಇಲ್ಲ. ಬ್ರೈಲ್‌ನಲ್ಲಿ ಬೆರಳಿಗೆ ಸಿಗದ, ಸ್ಕ್ರೀನ್ ರೀಡರಿನಲ್ಲಿ ಕಿವಿಗೆ ಕೇಳದ ಬರಹ ಆ ಮಗುವಿನ ಪಾಲಿಗೆ ಇಲ್ಲವೇ ಇಲ್ಲ. ಮನೆಮಾತು ಕನ್ನಡ, ಆದರೆ ಒಂದು ಪುಟ ಕನ್ನಡವನ್ನೂ ತಾನೇ ಓದದೆ ಆ ಮಗು ದೊಡ್ಡದಾಗುತ್ತದೆ. ಗಡಿಯಲ್ಲಿ ಕನ್ನಡ ಕಳೆದುಹೋಗ್ತಿದೆ ಅಂತ ಭಾಷಣ ಮಾಡುವವರು ಮೊದಲು ಇಲ್ಲಿ ನೋಡಬೇಕು.

ಸ್ಕ್ರೀನ್ ರೀಡರ್ ಅಂದರೇನು ಅಂತ ಕೇಳುವವರಿಗೆ ಸ್ವಲ್ಪ ಹೇಳ್ತೇವೆ. ಪರದೆಯ ಮೇಲಿನ ಅಕ್ಷರ, ಬಟನ್, ಮೆನು ಎಲ್ಲವನ್ನೂ ಮಾತಾಗಿಸಿ ಹೇಳುವ ತಂತ್ರಾಂಶ ಅದು. ಮೌಸ್ ಬೇಡ, ಕೀಲಿಮಣೆಯಿಂದಲೇ ಎಲ್ಲ ನಡೆಯುತ್ತದೆ. ಜಾಸ್ ಅನ್ನೋದಕ್ಕೆ ದುಡ್ಡು ಕೊಡಬೇಕು. ಆದರೆ ವಿಂಡೋಸ್ ಕಂಪ್ಯೂಟರಿಗೆ ಎನ್‌ವಿಡಿಎ ಅಂತ ಪೂರ್ತಿ ಉಚಿತವಾದ, ಮುಕ್ತ ತಂತ್ರಾಂಶ ಇದೆ. ಅದನ್ನು 2006ರಲ್ಲಿ ಶುರು ಮಾಡಿದ್ದು ಆಸ್ಟ್ರೇಲಿಯಾದ ಮೈಕೆಲ್ ಕರನ್, ಆಮೇಲೆ ಜೊತೆಯಾದದ್ದು ಜೇಮ್ಸ್ ಟೆಹ್. ಇಬ್ಬರಿಗೂ ಕಣ್ಣು ಕಾಣುವುದಿಲ್ಲ. ದುಡ್ಡು ಇಲ್ಲದವರಿಗೂ ಸಿಗಲಿ ಅಂತ ತಾವೇ ಬರೆದು ಹಂಚಿದರು. ಅದರೊಳಗಿನ ಇಸ್ಪೀಕ್ ಧ್ವನಿಯಲ್ಲಿ ಕನ್ನಡ ಇದೆ, ಮೆನುಗಳಿಗೂ ಕನ್ನಡ ಅನುವಾದ ಇದೆ. ಲಿನಕ್ಸ್‌ನಲ್ಲಿ ಓರ್ಕಾ ಇದೆ, ಅದೂ ಉಚಿತ. ಕೇರಳದ ಸರ್ಕಾರಿ ಶಾಲೆಗಳ ಲ್ಯಾಬಿನಲ್ಲಿ ಇರೋದು ಲಿನಕ್ಸೇ ತಾನೇ? ಆಂಡ್ರಾಯ್ಡ್ ಫೋನಿನಲ್ಲಿ ಟಾಕ್‌ಬ್ಯಾಕ್ ಇದೆ, ಅದಕ್ಕೆ ಗೂಗಲಿನ ಕನ್ನಡ ಧ್ವನಿ ಹಾಕಿಕೊಳ್ಳಬಹುದು. ಐಫೋನಿನಲ್ಲೂ ಕನ್ನಡ ಧ್ವನಿ ಬಂದಿದೆ. ಕೈ ಆಡದವರು ಬಾಯಲ್ಲಿ ಹೇಳಿ ಟೈಪ್ ಮಾಡಿಸುವ ಸೌಲಭ್ಯ ಗೂಗಲ್ ಕೀಬೋರ್ಡಿನಲ್ಲಿ ಕನ್ನಡಕ್ಕೆ 2017ರಿಂದಲೂ ಇದೆ.

ಇಸ್ಪೀಕಿನ ಧ್ವನಿ ಒರಟು, ನಿಜ. ನಮ್ಮ ಊರಿನ ಮಾತಿನ ಹಾಗೆ ಇಂಪಾಗಿಲ್ಲ. ನಾಲ್ಕು ದಿನ ಕೇಳಿದರೆ ಕಿವಿಗೆ ಒಗ್ಗುತ್ತದೆ, ಬಳಸುವವರು ಅದನ್ನೇ ಎರಡು ಪಟ್ಟು ವೇಗದಲ್ಲಿ ಓಡಿಸಿ ಕೇಳ್ತಾರೆ. ಹಾಗಾಗಿ ಕನ್ನಡದಲ್ಲಿ ಈ ಸೌಲಭ್ಯ ಇಲ್ಲ ಅನ್ನೋದು ಸುಳ್ಳು ನೆಪ. ಸೌಲಭ್ಯ ಇದೆ. ಅದನ್ನು ಕನ್ನಡದಲ್ಲಿ ಕಲಿಸುವ ವ್ಯವಸ್ಥೆ ಇಲ್ಲ, ಕಲಿಸಿ ಅಂತ ಕೇಳುವ ದನಿ ಇಲ್ಲ.

ಕೇಳೋಕೆ ಹೋದಾಗ ಬರುವ ಉತ್ತರಗಳೂ ನಮಗೆ ಬಾಯಿಪಾಠ ಆಗಿವೆ. ಒಂದೊಂದಾಗಿ ನೋಡೋಣ.

ಮೊದಲನೇ ಉತ್ತರ: "ಅಂಥವರು ಎಷ್ಟ ಮಂದಿ ಇರ್ತಾರ್ರೀ?"

ಲೆಕ್ಕ ತಾನೇ, ಹಾಕೋಣ. 2011ರ ಜನಗಣತಿ ಪ್ರಕಾರ ದೇಶದಲ್ಲಿ ಅಂಗವಿಕಲರು 2.68 ಕೋಟಿ, ಜನಸಂಖ್ಯೆಯ ಶೇಕಡಾ 2.21. ನೋಡುವ ತೊಂದರೆ ಇರುವವರು 50 ಲಕ್ಷಕ್ಕೂ ಹೆಚ್ಚು, ಕೇಳುವ ತೊಂದರೆ ಇರುವವರೂ ಅಷ್ಟೇ. ಅದೇ ಸರಾಸರಿ ಹಿಡಿದರೆ 10,000 ಜನರ ಒಂದು ಪಂಚಾಯಿತಿಯಲ್ಲಿ 221 ಜನ, ಅವರಲ್ಲಿ ಸುಮಾರು 40 ಜನಕ್ಕೆ ನೋಡುವ ತೊಂದರೆ. ಆಗ ಕಾನೂನಿನಲ್ಲಿ 7 ಬಗೆಯ ಅಂಗವೈಕಲ್ಯ ಮಾತ್ರ ಇತ್ತು. 2016ರ ಕಾಯ್ದೆಯಲ್ಲಿ 21 ಬಗೆ ಇದೆ. ಹಾಗಾಗಿ ನಿಜವಾದ ಸಂಖ್ಯೆ ಇನ್ನೂ ಹೆಚ್ಚೇ ಇರುತ್ತದೆ.

ಕಾಸರಗೋಡಿನವರಿಗಂತೂ ಈ ಪ್ರಶ್ನೆ ಕೇಳಲೇಬಾರದು. 1970ರ ದಶಕದ ಕೊನೆಯಿಂದ 2000ದವರೆಗೆ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಎಣ್ಮಕಜೆಯಂಥ ಕನ್ನಡ, ತುಳು ಮನೆಮಾತಿನ ಹಳ್ಳಿಗಳಲ್ಲಿ ಮಕ್ಕಳು ಏನಾದರು ಅಂತ ಲೋಕವೇ ನೋಡಿದೆ. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಿ ಅಂತ ಸುಪ್ರೀಂ ಕೋರ್ಟು 2017ರಲ್ಲಿ ಆದೇಶ ಮಾಡಿತು. ದುಡ್ಡಿಗೇ ಅಷ್ಟು ವರ್ಷ ಅಲೆದಾಟ. ಇನ್ನು ಆ ಮಕ್ಕಳ ಮಾತಿನ ಬಗ್ಗೆ ಯೋಚಿಸಿದವರು ಯಾರು? ಮಾತು ಬಾರದ ಮಗು ಚಿತ್ರ ಮುಟ್ಟಿದರೆ ಟ್ಯಾಬ್ ಅದರ ಪರವಾಗಿ ಮಾತಾಡುವ ಆ್ಯಪ್‌ಗಳು ಬಂದಿವೆ. ಮಗು ನೀರಿನ ಚಿತ್ರ ಮುಟ್ಟಿದಾಗ ಟ್ಯಾಬು "ವೆಳ್ಳಂ" ಅನ್ನಬೇಕೋ "ನೀರು" ಅನ್ನಬೇಕೋ? ಅಮ್ಮನ ಜೊತೆ ಮೊದಲ ಸಲ ಮಾತಾಡುವ ಮಗುವಿಗೆ ಅಮ್ಮನ ಭಾಷೆ ಕೊಡಿ ಅನ್ನೋದು ದೊಡ್ಡ ಬೇಡಿಕೆಯೇ?

ಎರಡನೇ ಉತ್ತರ: "ಕಂಪ್ಯೂಟರಿಗೆ ಇಂಗ್ಲಿಷ್ ಸಾಕು."

ಇಂಗ್ಲಿಷ್ ಬೇಕು. ನಾವು ಯಾರೂ ಬೇಡ ಅನ್ನೋದಿಲ್ಲ, ಕೆಲಸಕ್ಕೆ ಅದು ಬೇಕೇ ಬೇಕು. ಆದರೆ ಹೊಸ ಯಂತ್ರ, ಹೊಸ ಕೀಲಿಗಳು, ಕಿವಿಯಿಂದಲೇ ಪರದೆಯ ನಕ್ಷೆ ಮನಸ್ಸಿನಲ್ಲಿ ಕಟ್ಟಿಕೊಳ್ಳುವ ಹೊಸ ಅಭ್ಯಾಸ, ಈ ಮೂರರ ಜೊತೆಗೆ ಅರ್ಥವಾಗದ ಭಾಷೆಯನ್ನೂ ಹೇರಿದರೆ ಕಲಿಯುವವರು ವಾರದೊಳಗೆ ಕೈಬಿಡ್ತಾರೆ. ಮನೆಮಾತಿನಲ್ಲಿ ಯಂತ್ರ ಪಳಗಿದರೆ ಆಮೇಲೆ ಇಂಗ್ಲಿಷನ್ನೂ ಅದೇ ಯಂತ್ರದಿಂದ ಕಲೀಬಹುದು. ಇಂಗ್ಲಿಷ್ ಸಾಕು ಅನ್ನುವ ಅಧಿಕಾರಿ ತನ್ನ ಭಾಷೆಯ ಮಕ್ಕಳಿಗೆ ತನ್ನ ಭಾಷೆಯಲ್ಲೇ ಕಲಿಸುತ್ತಾನೆ ಅನ್ನೋದನ್ನೂ ಮರೀಬೇಡಿ. ತಮಿಳುನಾಡು 2006ರಲ್ಲಿ, ಕೇರಳ 2017ರಲ್ಲಿ, ತೆಲಂಗಾಣ 2018ರಲ್ಲಿ, ಮಹಾರಾಷ್ಟ್ರ 2020ರಲ್ಲಿ ತಂತಮ್ಮ ಭಾಷೆಯನ್ನು ಶಾಲೆಯಲ್ಲಿ ಕಡ್ಡಾಯ ಮಾಡುವ ಕಾಯ್ದೆ ತಂದವು. ತಾಯಿನುಡಿಯ ಬೆಲೆ ಅವರಿಗೆ ಚೆನ್ನಾಗಿ ಗೊತ್ತು. ನಮ್ಮ ತಾಯಿನುಡಿ ಅಂದ ಕೂಡಲೇ ಇಂಗ್ಲಿಷ್ ನೆನಪಾಗುತ್ತದೆ, ಅಷ್ಟೇ.

ಮೂರನೇ ಉತ್ತರ: "ಕನ್ನಡ ಬ್ರೈಲ್ ಬಲ್ಲ ಟೀಚರು ಸಿಗೋದಿಲ್ಲ."

ಇದು ಬಹಳ ಜಾಣತನದ ನೆಪ, ಕೇಳಿದವರು ಸುಮ್ಮನಾಗಿಬಿಡ್ತಾರೆ. ಆದರೆ ಭಾರತೀಯ ಭಾಷೆಗಳಿಗೆಲ್ಲ ಒಂದೇ ಭಾರತಿ ಬ್ರೈಲ್ ಅಂತ 1951ರಲ್ಲೇ ತೀರ್ಮಾನ ಆಗಿದೆ. ಕನ್ನಡದ ಕ, ಮಲಯಾಳದ ಕ, ಮರಾಠಿಯ ಕ ಮೂರಕ್ಕೂ ಅದೇ ಎರಡು ಚುಕ್ಕಿ, ಒಂದನೆಯದು ಮತ್ತು ಮೂರನೆಯದು. ಕಣ್ಣಿಗೆ ಬೇರೆ ಬೇರೆ ಕಾಣುವ ಲಿಪಿಗಳು ಬೆರಳಿಗೆ ಬಹುಪಾಲು ಒಂದೇ. ಮಲಯಾಳ ಬ್ರೈಲ್ ಬಲ್ಲ ಟೀಚರು ಒಬ್ಬ ಕನ್ನಡ ಮೇಷ್ಟ್ರ ಜೊತೆ ಕೂತರೆ ಕೆಲವೇ ವಾರಗಳಲ್ಲಿ ಕನ್ನಡ ಬ್ರೈಲ್ ಕಲಿಸೋಕೆ ತಯಾರಾಗಬಹುದು. ಇದಕ್ಕೆ ಬೇಕಾದದ್ದು ಒಂದು ಆದೇಶ, ಒಂದು ತರಬೇತಿ. ಅಷ್ಟೂ ಮಾಡದೆ ಟೀಚರಿಲ್ಲ ಅನ್ನೋದನ್ನು ನಾವು ಒಪ್ಪಬಾರದು.

ನಾಲ್ಕನೇ ಉತ್ತರ ಬರೋದು ನಮ್ಮವರ ಬಾಯಿಂದಲೇ: "ಪಾಪ, ಅವರಿಗೆ ಏನಾದರೂ ಸಹಾಯ ಮಾಡೋಣ."

ಸಹಾಯ ಮಾಡೋದು ಒಳ್ಳೆಯದೇ. ಆದರೆ ಪಾಪ ಅನ್ನುವ ಮಾತು ಸಾಕು. ಗದಗದ ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಇಬ್ಬರಿಗೂ ಕಣ್ಣು ಕಾಣುತ್ತಿರಲಿಲ್ಲ. ಅವರು ನಡೆಸಿದ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಣ್ಣು ಕಾಣದ ಎಷ್ಟೋ ಮಕ್ಕಳು ಸಂಗೀತ ಕಲಿತು ಸ್ವಂತ ಕಾಲಿನ ಮೇಲೆ ನಿಂತರು. ಆ ಕಾಲದಲ್ಲಿ ವಿದ್ಯೆ ಅಂದರೆ ಹಾರ್ಮೋನಿಯಂ, ತಬಲಾ. ಈ ಕಾಲದಲ್ಲಿ ಅದರ ಜೊತೆಗೆ ಕಂಪ್ಯೂಟರೂ ಬೇಕು. ಜಾತ್ರೆಯ ದಿನ ಬಟ್ಟೆ ಹಂಚಿ, ಹಣ್ಣು ಕೊಟ್ಟು ಫೋಟೋ ತೆಗೆಸಿಕೊಂಡರೆ ವಿದ್ಯೆ ಕೊಟ್ಟ ಹಾಗಾಗೋದಿಲ್ಲ.

ಇನ್ನು ಹಕ್ಕಿನ ಮಾತು. ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯಿನುಡಿಯಲ್ಲಿ ಕಲಿಸುವ ವ್ಯವಸ್ಥೆ ಮಾಡಬೇಕು ಅಂತ ಸಂವಿಧಾನದ 350ಎ ವಿಧಿ 1956ರಿಂದಲೂ ಹೇಳುತ್ತಿದೆ. ಕಣ್ಣಿರುವ ಮಕ್ಕಳಿಗೆ ಮಾತ್ರ ಅಂತ ಅದರಲ್ಲಿ ಎಲ್ಲೂ ಬರೆದಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಶೇಕಡಾ 40 ಮತ್ತು ಅದಕ್ಕಿಂತ ಹೆಚ್ಚು ಅಂಗವೈಕಲ್ಯ ಇರುವ ವಿದ್ಯಾರ್ಥಿಗಳಿಗೆ 18 ವರ್ಷದವರೆಗೆ ಪುಸ್ತಕ, ಕಲಿಕೆಯ ಸಾಮಗ್ರಿ, ಬೇಕಾದ ಸಾಧನ ಎಲ್ಲ ಉಚಿತವಾಗಿ ಕೊಡಬೇಕು. 42ನೇ ಸೆಕ್ಷನ್ ಪ್ರಕಾರ ಮುದ್ರಣ, ಧ್ವನಿ, ಎಲೆಕ್ಟ್ರಾನಿಕ್ ರೂಪದಲ್ಲಿ ಇರುವ ವಿಷಯ ಅವರು ಬಳಸುವ ರೂಪದಲ್ಲಿ ಸಿಗಬೇಕು. ಪರೀಕ್ಷೆಯಲ್ಲಿ ಬರೆಯುವವರ ಸಹಾಯದ ಬದಲು ಕಂಪ್ಯೂಟರ್ ಬಳಸಲು ಅವಕಾಶ ಕೊಡಿ ಅಂತ ಕೇಂದ್ರದ ಮಾರ್ಗಸೂಚಿ 2018ರಲ್ಲೇ ಬಂದಿದೆ. ಗಡಿಯ ಮಕ್ಕಳಿಗೆ ಇದು ಬಹಳ ಮುಖ್ಯ. ಕನ್ನಡ ಬರೆಯಬಲ್ಲವರೇ ಆ ಊರಿನಲ್ಲಿ ಸಿಗದಿದ್ದರೆ ಕನ್ನಡ ಮಾಧ್ಯಮದ ಮಗುವಿನ ಉತ್ತರ ಬರೆಯೋದು ಯಾರು?

2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟು ಇನ್ನೂ ಮುಂದೆ ಹೋಯಿತು. ಆ್ಯಸಿಡ್ ದಾಳಿಗೆ ಒಳಗಾದವರು, ದೃಷ್ಟಿ ಇಲ್ಲದವರು ಬ್ಯಾಂಕು, ಸಿಮ್ ಮೊದಲಾದ ಕಡೆ ಕಣ್ಣು ಮಿಟುಕಿಸಿ ಕೆವೈಸಿ ಮಾಡಲಾಗದೆ ಕೋರ್ಟಿಗೆ ಹೋಗಿದ್ದರು. ಡಿಜಿಟಲ್ ಸೇವೆ ಬಳಸುವ ಅವಕಾಶ ಬದುಕುವ ಹಕ್ಕಿನ, ಅಂದರೆ 21ನೇ ವಿಧಿಯ ಭಾಗ ಅಂತ ಕೋರ್ಟು ಹೇಳಿತು. ಹೀಗೆ ಹೊರಗೆ ಉಳಿದವರು ಯಾರು ಯಾರು ಅಂತ ಹೇಳುವಾಗ ಅಂಗವಿಕಲರ ಜೊತೆಗೆ ಭಾಷಾ ಅಲ್ಪಸಂಖ್ಯಾತರನ್ನೂ ಹೆಸರಿಸಿತು. ಎರಡೂ ಪಟ್ಟಿಯಲ್ಲಿ ಒಟ್ಟಿಗೆ ಇರೋದು ನಮ್ಮ ಊರಿನ ಕಣ್ಣು ಕಾಣದ ಕನ್ನಡಿಗರು.

ಬ್ಯಾಂಕ್ ಕೌಂಟರಿನಲ್ಲಿ ಕೂತು ಕೆಲಸ ಮಾಡುವ ನಮ್ಮಂಥವರಿಗೆ ಇದು ದಿನಾ ಕಾಣುತ್ತದೆ. 2014ರ ಜುಲೈ 1ರಿಂದ ಹಾಕುವ ಎಲ್ಲ ಹೊಸ ಎಟಿಎಂಗಳೂ ಮಾತಾಡುವ, ಬ್ರೈಲ್ ಕೀಲಿ ಇರುವ ಯಂತ್ರಗಳಾಗಬೇಕು ಅಂತ ರಿಸರ್ವ್ ಬ್ಯಾಂಕ್ ಹೇಳಿದೆ. ಒಳ್ಳೆಯದೇ. ಆದರೆ ಬ್ಯಾಂಕಿನ ಲೆಕ್ಕದಲ್ಲಿ ಮೂರೇ ಭಾಷೆ: ಹಿಂದಿ, ಇಂಗ್ಲಿಷ್, ಆ ರಾಜ್ಯದ ಭಾಷೆ. ಗಡಿಯಾಚೆಯ ಕನ್ನಡಕ್ಕೆ ಅಲ್ಲಿ ಜಾಗ ಇಲ್ಲ. ಪಿನ್ ಯಾರಿಗೂ ಹೇಳಬೇಡಿ ಅಂತ ಗೋಡೆಗೆಲ್ಲ ಅಂಟಿಸುತ್ತೇವೆ. ಯಂತ್ರದ ಮಾತೇ ತಿಳಿಯದ, ಕಣ್ಣು ಕಾಣದ ಒಬ್ಬ ಅಜ್ಜ ಪಕ್ಕದವರಿಗೆ ಪಿನ್ ಹೇಳದೆ ಪಿಂಚಣಿ ತೆಗೆಯೋದು ಹೇಗೆ? ನಾಳೆ ಆ ಖಾತೆಯಿಂದ ದುಡ್ಡು ಹೋದರೆ "ಪಿನ್ ಯಾಕೆ ಹೇಳಿದ್ರಿ ಅಜ್ಜಾ?" ಅಂತ ಕೇಳುವವರೂ ನಾವೇ ಆಗಿರ್ತೇವೆ. ಭಾಷೆ ಇಲ್ಲದ ಸೌಲಭ್ಯ ಅಂದರೆ ಇದು.

ಆಚೆಯ ಸರ್ಕಾರಗಳನ್ನು ಬೈದು ಈಚೆಯದನ್ನು ಬಿಟ್ಟರೆ ನ್ಯಾಯ ಆಗೋದಿಲ್ಲ. ಯೂನಿಕೋಡಿನಲ್ಲಿ ಕನ್ನಡ 1991ರಿಂದ ಇದೆ. ಆದರೂ ಕನ್ನಡದ ಎಷ್ಟೋ ಪುಸ್ತಕ, ಪತ್ರಿಕೆ, ಸುತ್ತೋಲೆ ಈಗಲೂ ಹಳೆಯ ನುಡಿ, ಬರಹ ಫಾಂಟುಗಳಲ್ಲೇ ತಯಾರಾಗ್ತಿವೆ. ಕಣ್ಣಿಗೆ ಅದು ಕನ್ನಡ. ಕಂಪ್ಯೂಟರಿಗೆ ಅದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರ. ಸ್ಕ್ರೀನ್ ರೀಡರ್ ಅದನ್ನು ಹಾಗೇ ಒದರುತ್ತದೆ, ಒಂದು ಪದವೂ ತಿಳಿಯೋದಿಲ್ಲ. ಸಹಿ ಹಾಕಿ ಸ್ಕ್ಯಾನ್ ಮಾಡಿದ ಆದೇಶವಾದರೆ ಅಷ್ಟೂ ಇಲ್ಲ, ಬರೀ ಮೌನ. ಮುದ್ರಿತ ಕನ್ನಡವನ್ನು ಅಕ್ಷರವಾಗಿಸುವ ಲಿಪಿ ಜ್ಞಾನಿ ಅನ್ನೋ ತಂತ್ರಾಂಶವನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎ. ಜಿ. ರಾಮಕೃಷ್ಣನ್ ಅವರ ತಂಡ ಮಾಡಿದೆ. ಕನ್ನಡ ಲಿಪಿಯಲ್ಲಿ ಅಚ್ಚಾದ ತುಳು, ಕೊಂಕಣಿಯನ್ನೂ ಅದು ಓದುತ್ತದೆ. ವಿದ್ಯೆ ಬೆಂಗಳೂರಿನಲ್ಲಿದೆ, ಗಡಿ ದಾಟಿ ಬರಬೇಕಾಗಿದೆ. ಕರ್ನಾಟಕದ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ ಹೊರನಾಡ ಕನ್ನಡ ಸಂಸ್ಥೆಗಳಿಗೆ ಕಟ್ಟಡಕ್ಕೆ, ಕಾರ್ಯಕ್ರಮಕ್ಕೆ ಅನುದಾನ ಕೊಡುತ್ತದೆ. ಅದೇ ಅನುದಾನದಲ್ಲಿ ಕನ್ನಡ ಸ್ಕ್ರೀನ್ ರೀಡರ್ ಪಾಠಗಳಿಗೂ ಒಂದು ಪಾಲು ಇಡಿ ಅಂತ ಕೇಳೋದು ನಮ್ಮ ಕೆಲಸ.

ಹಾಗಾದರೆ ಏನು ಮಾಡಬೇಕು? ಅರ್ಜಿ ಒಂದು ಕಡೆ ನಡೆಯಲಿ, ಕೆಲಸ ಇನ್ನೊಂದು ಕಡೆ ಶುರುವಾಗಲಿ.

ಒಂದು. ನಿಮ್ಮ ಊರಿನಲ್ಲಿ ಯಾರಿಗೆ ಬೇಕು ಅಂತ ಮನೆ ಮನೆಗೆ ಹೋಗಿ ಕೇಳಿ. ಅವರು ಒಪ್ಪಿದರೆ ಮಾತ್ರ ಹೆಸರು ಬರೆದುಕೊಳ್ಳಿ. ಎಷ್ಟು ಮಂದಿ ಅಂತ ಕೇಳುವ ಅಧಿಕಾರಿಯ ಮುಂದೆ ಇಡೋಕೆ ನಮ್ಮದೇ ಲೆಕ್ಕ ಇರಲಿ.

ಎರಡು. ಒಂದು ಭಾನುವಾರ ಒಬ್ಬರ ಫೋನಿನಲ್ಲಿ ಟಾಕ್‌ಬ್ಯಾಕ್ ಹಾಕಿಕೊಡಿ. ಸೆಟ್ಟಿಂಗ್ಸ್‌ನಲ್ಲಿ ಆ್ಯಕ್ಸೆಸಿಬಿಲಿಟಿ ಅನ್ನೋದರೊಳಗೆ ಅದು ಇರುತ್ತದೆ. ಮಾತಿನ ಧ್ವನಿಗೆ ಕನ್ನಡ ಆರಿಸಿ. ಕಂಪ್ಯೂಟರ್ ಇದ್ದರೆ ಎನ್‌ವಿಡಿಎ ಇಳಿಸಿ, ಕಂಟ್ರೋಲ್, ಆಲ್ಟ್, ಎನ್ ಮೂರೂ ಒಟ್ಟಿಗೆ ಒತ್ತಿದರೆ ಶುರುವಾಗುತ್ತದೆ. ಸ್ಪೀಚ್ ಸೆಟ್ಟಿಂಗಿನಲ್ಲಿ ಕನ್ನಡ ಧ್ವನಿ ಆರಿಸಿ. ಇನ್ಸರ್ಟ್ ಜೊತೆ 1 ಒತ್ತಿದರೆ ಆಮೇಲೆ ಯಾವ ಕೀಲಿ ಒತ್ತಿದರೂ ಅದರ ಹೆಸರು, ಕೆಲಸ ಹೇಳುತ್ತದೆ. ಕಲಿಯುವವರು ಭಯ ಬಿಟ್ಟು ಕೀಲಿಮಣೆ ತಡಕಾಡಲಿ. ಮತ್ತೆ ಇನ್ಸರ್ಟ್ ಜೊತೆ 1 ಒತ್ತಿದರೆ ಮಾಮೂಲಿಗೆ ಬರುತ್ತದೆ.

ಮೂರು. ಕಲಿತವರೇ ಕಲಿಸಲಿ. ಕಣ್ಣು ಕಾಣದವರು ತಮ್ಮ ದನಿಯಲ್ಲಿ, ತಮ್ಮ ಊರಿನ ಕನ್ನಡದಲ್ಲಿ ಐದೈದು ನಿಮಿಷದ ಧ್ವನಿ ಪಾಠ ಮಾಡಲಿ, ಈ ಪುಟದಲ್ಲಿ ನಾವು ಹಾಕ್ತೇವೆ. ಸೊಲ್ಲಾಪುರದ ಕನ್ನಡ, ಕಾಸರಗೋಡಿನ ಕನ್ನಡ, ಮಡಕಶಿರಾದ ಕನ್ನಡ ಎಲ್ಲವೂ ಬರಲಿ. ಪಾಠಕ್ಕೆ ವಿಡಿಯೋ ಬೇಕಿಲ್ಲ, ದನಿ ಸಾಕು, ಡೇಟಾನೂ ಉಳಿಯುತ್ತದೆ.

ನಾಲ್ಕು. ಕನ್ನಡದ ಪೋಸ್ಟು ಓದುವ ಹಾಗಿರಲಿ. ಇಡೀ ಹೇಳಿಕೆಯನ್ನು ಪೋಸ್ಟರ್ ಚಿತ್ರ ಮಾಡಿ ಹಾಕಿದರೆ ಸ್ಕ್ರೀನ್ ರೀಡರಿಗೆ ಅದು ಒಂದು ಚಿತ್ರ ಅಷ್ಟೇ. ಅದೇ ಮಾತನ್ನು ಕೆಳಗೆ ಟೈಪ್ ಮಾಡಿ. ಫೇಸ್‌ಬುಕ್, ಇನ್‌ಸ್ಟಾಗ್ರಾಂನಲ್ಲಿ ಚಿತ್ರಕ್ಕೆ ಆಲ್ಟ್ ಟೆಕ್ಸ್ಟ್ ಬರೆಯುವ ಜಾಗ ಇದೆ, ಬರೆಯಿರಿ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯೋದು ಬಿಡಿ. ಅಭಿಮಾನಕ್ಕೆ ಹತ್ತು ಹತ್ತು ಹಳದಿ, ಕೆಂಪು ಹೃದಯ ಹಾಕುವವರೇ, ಕೇಳುವವರ ಕಿವಿಗೆ ಅದು "ಹಳದಿ ಹೃದಯ, ಕೆಂಪು ಹೃದಯ, ಹಳದಿ ಹೃದಯ" ಅಂತ ಹತ್ತು ಸಲ ಬಡಿಯುತ್ತದೆ. ಒಂದು ಜೋಡಿ ಸಾಕು. ವಿಡಿಯೋ ಹಾಕಿದರೆ ಕಿವಿ ಕೇಳದವರಿಗಾಗಿ ಕನ್ನಡದ ಸಾಲು ಕೆಳಗೆ ಓಡಲಿ.

ಐದು. ಪುಸ್ತಕ. 2012ರ ತಿದ್ದುಪಡಿಯ ನಂತರ ಅಂಗವಿಕಲರ ಓದಿಗಾಗಿ ಪುಸ್ತಕದ ರೂಪ ಬದಲಿಸಲು ಕಾಪಿರೈಟ್ ಅಡ್ಡಿ ಇಲ್ಲ. ಮರಕೇಶ್ ಒಪ್ಪಂದವನ್ನು 2014ರಲ್ಲಿ ಎಲ್ಲರಿಗಿಂತ ಮೊದಲು ಅನುಮೋದಿಸಿದ ದೇಶ ನಮ್ಮದು. 2016ರಲ್ಲಿ ಸುಗಮ್ಯ ಪುಸ್ತಕಾಲಯ ಅನ್ನೋ ಆನ್‌ಲೈನ್ ಗ್ರಂಥಾಲಯವೂ ಶುರುವಾಯಿತು. ಕೇರಳ, ಮಹಾರಾಷ್ಟ್ರ ಎರಡೂ ಕನ್ನಡ ಮಾಧ್ಯಮದ ಪಠ್ಯ ಅಚ್ಚು ಹಾಕುತ್ತವೆ. ಆ ಪಠ್ಯಗಳ ಪಿಡಿಎಫ್ ತೆರೆದು ಒಂದು ಸಾಲು ಕಾಪಿ ಮಾಡಿ ವಾಟ್ಸಾಪಿನಲ್ಲಿ ಅಂಟಿಸಿ ನೋಡಿ. ಕನ್ನಡವಾಗಿಯೇ ಬಂದರೆ ಸರಿ. ಕಲಸುಮೇಲೋಗರ ಬಂದರೆ ಅದರ ಸ್ಕ್ರೀನ್‌ಶಾಟೇ ನಮ್ಮ ಅರ್ಜಿಯ ಸಾಕ್ಷಿ. ಯಾವ ತರಗತಿ, ಯಾವ ಪುಟ ಅಂತ ಬರೆದು ನಮಗೆ ಕಳಿಸಿ, ಎಲ್ಲ ಸೇರಿಸಿ ಒಂದೇ ಅರ್ಜಿ ಮಾಡೋಣ.

ಆ ಅರ್ಜಿಯಲ್ಲಿ ನಮ್ಮ ಬೇಡಿಕೆ ಮೂರೇ. ಗಡಿ ತಾಲ್ಲೂಕುಗಳ ಅಂಗವಿಕಲರಿಗೆ ಕಂಪ್ಯೂಟರ್ ತರಬೇತಿ ಕನ್ನಡದಲ್ಲಿ ಬೇಕು. ಕನ್ನಡ ಪಠ್ಯಪುಸ್ತಕ ಯೂನಿಕೋಡಿನಲ್ಲಿ ಮತ್ತು ಬ್ರೈಲ್‌ನಲ್ಲಿ ಬೇಕು. ಬ್ಯಾಂಕು, ಪಂಚಾಯಿತಿ, ಆಸ್ಪತ್ರೆಯ ಮಾತಾಡುವ ಯಂತ್ರಗಳಲ್ಲಿ ಕನ್ನಡವೂ ಒಂದು ಆಯ್ಕೆ ಆಗಬೇಕು. ಭಿಕ್ಷೆ ಕೇಳ್ತಿಲ್ಲ. ಸಂವಿಧಾನ ಮತ್ತು ಕಾಯ್ದೆ ಎರಡೂ ಕೊಟ್ಟದ್ದನ್ನು ಒಟ್ಟಿಗೆ ಕೇಳ್ತಿದ್ದೇವೆ.

ಈ ಪೋಸ್ಟಿಗೆ ನಾವು ಪೋಸ್ಟರ್ ಮಾಡಿಲ್ಲ. ಇಡೀ ಬರಹ ಯೂನಿಕೋಡಿನಲ್ಲಿದೆ, ಸ್ಕ್ರೀನ್ ರೀಡರ್ ಓದುತ್ತದೆ. ಹಂಚುವುದಾದರೆ ಸ್ಕ್ರೀನ್‌ಶಾಟ್ ತೆಗೆದು ಹಂಚಬೇಡಿ, ಹೀಗೇ ಹಂಚಿ. ನಿಮ್ಮ ಊರಿನಲ್ಲಿ ಕಣ್ಣು ಕಾಣದ ಯಾರಿಗೆ ಇದನ್ನು ಕಳಿಸಬಹುದು ಅಂತ ಒಂದು ನಿಮಿಷ ಯೋಚಿಸಿ, ಮೊದಲು ಅವರಿಗೆ ಕಳಿಸಿ. ಅವರು ಏನು ಹೇಳ್ತಾರೆ ಅಂತ ಕೇಳಿಕೊಂಡು ಬಂದು ಕೆಳಗೆ ಬರೆಯಿರಿ.